ನರಿಮರಿಯ ಹಣೆಯ ಮೇಲಿನ ಮುದ್ರೆ

ಬಟ್ಟೆ ಒಗೆಯುವುದರಲ್ಲಿ ಬೀದರ ಶಹರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಾನು ಓದಿದ್ದು ಮೂರನೆಯ ತರಗತಿ. ಆದರೆ ಮಿಷನ್ ಆಸ್ಪತ್ರೆಯ ಚಾದರಗಳನ್ನು ಹನ್ನೊಂದು ವರ್ಷ ಒಗೆದಿದ್ದೆ. ಇಂಥ ಪಂಡಿತೆಯ ಮುಂದೆ ನನ್ನ ತಮ್ಮ ಪ್ರಭುದಾಸ ಒಂದು ದಿನ ಬಂದು ನಿಂತ.

ಪ್ರಭು ಔರಾದದ ಸಾಲಿಯಲ್ಲಿ ಮಾಸ್ತರ. ಕಾಯಂ ಆಗಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವನು; ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಗಲೆಲ್ಲ ಮಕ್ಕಳಿಗೆ ಕನ್ನಡ ಕಲಿಸಿ, ಸಂಜೆ ತಾನೇ ಕಲಿಯುತ್ತಿದ್ದ. ಅವನ ಕನ್ನಡ ನೋಡಲು ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು.

"ಅಕ್ಕಾ, ಜಪಾನದ ಸಿನಿಮಾ ಬರ್ತದ," ಎಂದ. "ಚಿತ್ರ ಬರದು ಬರದು ಓಡಸ್ಯಾರ. ಒಂದು ನರಿಮರಿ ಹಿಮದಾಗ ಅವ್ವನ್ನ ಹುಡಕ್ತಾ ಹೋಗ್ತದ. ಮಕ್ಕಳ ಸಿನಿಮಾ, ಆದ್ರ ಮುದುಕರೂ ಅಳ್ತಾರಂತ. ಭಾಷಾ ಯಾರಿಗೂ ತಿಳಿಯಂಗಿಲ್ಲ. ಬಾಜೂಕ ನಿಂತು ಕನ್ನಡದಾಗ ಕಥಿ ನಾನು ಹೇಳಬೇಕು. ಸಾಹೇಬ್ರು ಅದನ್ನೇ ಕೇಳಿ ನನ್ನ ನೌಕರಿ ಕಾಯಂ ಮಾಡ್ತಾರ."

"ಮತ್ತ ನನ್ನಿಂದ ಏನು ಆಗಬೇಕು?"

"ಭಾಲ್ಕಿಯಾಗ ಸಿನಿಮಾದವರ ಪರದಾ ಗಾಳಿಗೆ ಹರದದ. ಒಂದು ದೊಡ್ಡ ಬಿಳೀ ಪರದಾ ಬೇಕು."

"ಇಷ್ಟೇ? ಹೋಗು, ನಿಶ್ಚಿಂತಿ ಇರು!" ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಅಪಾಯಕಾರಿ ಮಾತನ್ನು ನಾನು ಆಡಿಲ್ಲ.

ಮರುದಿನ ಆಸ್ಪತ್ರೆಯಿಂದ ಎರಡು ಹೊಸ ಚಾದರ ಮನೆಗೆ ತಂದೆ. ಯಾರನ್ನೂ ಕೇಳಲಿಲ್ಲ. ಇದಕ್ಕೆ ಕಳವು ಎನ್ನುತ್ತಾರೆ ಎಂದು ಈಗ ಒಪ್ಪುತ್ತೇನೆ. ಆಗ 'ತಾತ್ಕಾಲಿಕ ಉಪಯೋಗ' ಎಂದು ಸಮಾಧಾನ ಮಾಡಿಕೊಂಡಿದ್ದೆ.

ಎರಡನ್ನೂ ಉದ್ದಕ್ಕೆ ಜೋಡಿಸಿ ಹೊಲಿದೆ. ಹೊಲಿದು ಹರವಿ ನೋಡುತ್ತೇನೆ, ಚಾದರಗಳ ಅಂಚಿನ ನಡುವೆ ಒತ್ತಿದ್ದ ಆಸ್ಪತ್ರೆಯ ಮುದ್ರೆಗಳೆರಡೂ ಒಂದಕ್ಕೊಂದು ಆತುಕೊಂಡು ಪರದೆಯ ನಟ್ಟನಡುವೆ ಕುಳಿತಿವೆ!

ಪಕ್ಕದ ಮನೆಯ ಶರಣಮ್ಮ ಆಯಿ ಗೋಡೆಯ ಮೇಲಿಂದ ಇಣುಕಿದಳು. "ಏನೇ, ಚಾದರಕ್ಕ ಕುಂಕುಮ ಹಚ್ಚೀಯೇನ?"

"ಆಯಿ, ಅದು ಕಪ್ಪು ಮಸಿ."

"ಹಂಗಾರ ದೃಷ್ಟಿಬೊಟ್ಟು ಅನ್ನು."

ಉಜ್ಜಿದೆ. ಕುದಿಸಿದೆ. ನಿಂಬೆಹಣ್ಣು ತಿಕ್ಕಿದೆ. ಮುದ್ರೆ ಹೋಗಲಿಲ್ಲ, ನನ್ನ ಬೆರಳಿನ ಚರ್ಮ ಹೋಯಿತು. ಹೊಲಿಗೆ ಬಿಚ್ಚಿ ಅಂಚು ತಿರುಗಿಸಿ ಹೊಲಿದಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಬುದ್ಧಿ ನನಗೆ ಹೊಳೆಯುವುದು ಎರಡು ವರ್ಷ ಆದ ಮೇಲೆ. ಆಗ ನಾನು ಹಳೆಯ ಬಿಳಿ ಲಂಗ ಕತ್ತರಿಸಿ ಮುದ್ರೆಗಳ ಮೇಲೆ ತೇಪೆ ಹಾಕಿದೆ. ತೇಪೆ ಒಂದು ಬಿಳುಪು, ಚಾದರ ಇನ್ನೊಂದು ಬಿಳುಪು. ಎರಡೂ ಒಂದಾಗಲಿ ಎಂದು ನೀಲಿ ಹಾಕಿದೆ. ಸಾಲದೆನಿಸಿತು. ಮತ್ತೆ ಹಾಕಿದೆ. ಬಸ್ಸಿಗೆ ಹೊತ್ತಾಗಿತ್ತು, ಜಾಲಾಡದೆ ಒಣಗಿಸಿದೆ.

ಔರಾದದ ಸಾಲಿಯ ದೊಡ್ಡ ಕೋಣೆಯ ಕಿಟಕಿಗಳಿಗೆ ಮಧ್ಯಾಹ್ನವೇ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಮುಂದೆ ಮಕ್ಕಳು, ಹಿಂದೆ ಊರಿನ ದೊಡ್ಡವರು, ಕುರ್ಚಿಯಲ್ಲಿ ಸಾಹೇಬರು. ನಾನೂ ಶರಣಮ್ಮ ಆಯಿಯೂ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತೆವು. ಮಷಿನ್ನಿನವನು ಪರದೆ ಕಡೆ ನೋಡಿ, "ಯಾರರೆ ನೀರು ಹೊಡೀರಿ. ತೊಯ್ದ ಪರದಾದ ಮ್ಯಾಲ ಚಿತ್ರ ಚಲೋ ಕಾಣ್ತದ," ಎಂದ. ಬೇರೆ ಯಾರಾದರೂ ಎದ್ದಿದ್ದರೆ ಇಂದು ಅವರ ಮೇಲೆ ಹಾಕಬಹುದಿತ್ತು. ಕೊಡ ಎತ್ತಿಕೊಂಡು ಓಡಿದವಳು ನಾನೇ!

ಸಿನಿಮಾ ಸುರುವಾಯಿತು. ಜಪಾನದವರು ಅಷ್ಟು ಕಷ್ಟಪಟ್ಟು ಬಿಳಿ ಹಿಮ ಬರೆದಿದ್ದರು. ನನ್ನ ನೀಲಿ ಅದರ ಮೇಲೆ ಗೆರೆಗೆರೆಯಾಗಿ ಇಳಿಯಿತು.

"ಮಾಸ್ತರ್ರೀ, ಹಿಮ ಸೋರ್ಲಿಕತ್ತದ್ರೀ!" ಎಂದ ಒಬ್ಬ ಹುಡುಗ. ಕೋಣೆ ನಕ್ಕಿತು.

ಆದರೆ ಪ್ರಭು ಪರದೆ ಕಡೆ ತಿರುಗಿ, "ಹೌದು ಮಕ್ಕಳೇ," ಎಂದ. "ಅವ್ವ ಕಳದಾಳ. ಮರಿ ಅಳ್ಳಿಕತ್ತದ. ಅದರ ದುಃಖ ನೋಡಲಾರದೆ ಹಿಮಾನೂ ಅಳ್ಳಿಕತ್ತದ."

ನಗು ನಿಂತಿತು. ಆಮೇಲೆ ಅವನು ಹೇಳಿದ್ದು ಕಥೆಯಲ್ಲ, ನಮ್ಮ ಅವ್ವ ತೀರಿಕೊಂಡ ವರ್ಷ ನಾವಿಬ್ಬರೂ ಮನೆ ಮನೆ ತಿರುಗಿದ್ದು ಎಂದು ನನಗೆ ತಿಳಿಯಿತು. ಮರಿ ಬಾಗಿಲಿಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಶರಣಮ್ಮ ಆಯಿ ಸೆರಗು ಮೂಗಿಗೆ ಒತ್ತಿ, "ಸುಡಲಿ, ನರಿ ಸಲುವಾಗಿ ಅಳೂ ವಯಸ್ಸೇನ ನಂದು?" ಎಂದು ಬಿಕ್ಕಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಗೆಲ್ಲುತ್ತಿದ್ದ. ನಾನು ಇದ್ದರೂ ಗೆಲ್ಲುತ್ತಿದ್ದ!

ಅಷ್ಟರಲ್ಲಿ ನರಿಮರಿಯ ಮುಖ ಪರದೆಯ ತುಂಬ ಬಂತು. ತೊಯ್ದ ಲಂಗದ ಬಟ್ಟೆ ಚಾದರಕ್ಕೆ ಅಂಟಿ ಗಾಜಿನಂತಾಗಿತ್ತು. ಮರಿಯ ಹಣೆಯ ಮೇಲೆ ಕರಿ ಅಕ್ಷರ ಮೂಡಿದವು. ಮೊದಲಿನ ಹಾಗೆ ಇಂಗ್ಲಿಷ್ ಮುದ್ರೆಯಾಗಿದ್ದರೆ ಆ ಕೋಣೆಯಲ್ಲಿ ಒಂದು ಮಗುವೂ ಓದುತ್ತಿರಲಿಲ್ಲ. ಆದರೆ ರಾಜ್ಯ ಬದಲಾದ ಮೇಲೆ ನಮ್ಮ ಆಸ್ಪತ್ರೆಯ ಮುದ್ರೆಯೂ ಕನ್ನಡವಾಗಿತ್ತು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, ನನ್ನ ತಮ್ಮ ಕಲಿಸಿದ ಹಾಗೆಯೇ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು:

"ಆ... ಸ್ಪ... ತ್ರೆ. ಆಸ್ಪತ್ರೆ! ಹೊರಗೆ ಒಯ್ಯಬಾರದು!"

ಒಂದು ತಪ್ಪಿಲ್ಲದೆ ಓದಿದಳು. ಅಷ್ಟು ಚಲೋ ಕಲಿಸಿದ್ದ.

ಸಾಹೇಬರು ಮಷಿನ್ ನಿಲ್ಲಿಸಿದರು. ಗೋಣಿತಾಟು ಸರಿಸಿದರು. ಬಿಸಿಲು ಒಳಗೆ ಬಿತ್ತು.

"ಏನ್ರೀ ಮೇಷ್ಟ್ರೇ, ಇದು ಆಸ್ಪತ್ರೆ ಸಾಮಾನು ಅಲ್ವೇ? ಇಲ್ಲಿಗೆ ಯಾರು ತಂದದ್ದು?"

ಪ್ರಭು ನನ್ನ ಕಡೆ ನೋಡಿದ. ಶರಣಮ್ಮ ಆಯಿ ಮೊಣಕೈಯಿಂದ ತಿವಿದು, "ಏಳೇ, ಮಾತಾಡು," ಎಂದಳು. ನನಗೆ ಕಂಡದ್ದು ನನ್ನ ನೌಕರಿ, ಆಸ್ಪತ್ರೆಯ ಗೇಟು, ಚರ್ಚಿನ ಪ್ರಾರ್ಥನೆಗೆ ಬರುವ ಜನರ ಮುಖ. ಬೇರೆ ದಿನ ನನ್ನ ಬಾಯಿ ಮುಚ್ಚಿಸಲು ಓಣಿಯೇ ಸೇರಬೇಕು. ಅಂದು ತಾನಾಗಿಯೇ ಮುಚ್ಚಿತು. ಸೆರಗು ಎಳೆದುಕೊಂಡು ನೆಲ ನೋಡಿದೆ.

"ನಾನ ತಂದೀನ್ರಿ ಸಾಹೇಬ್ರ," ಎಂದ ತಮ್ಮ. "ಕೇಳದೆ ತಂದೀನಿ."

ನೌಕರಿ ಕಾಯಂ ಆಗಲಿಲ್ಲ. 'ಇನ್ನು ಬರುವುದು ಬೇಡ' ಎಂಬ ಕಾಗದ ಬಂತು. ಪ್ರಭು ಗಾಂಧಿ ಗಂಜದ ಮಾರುಕಟ್ಟೆಯಲ್ಲಿ ತೊಗರಿ ಚೀಲಗಳ ಮೇಲೆ ಹೆಸರು ಬರೆಯುವ ಕೆಲಸಕ್ಕೆ ಸೇರಿದ. ಅಕ್ಷರ ಈಗಲೂ ಮುತ್ತಿನ ಹಾಗೆ. ಮಳೆ ಬಿದ್ದರೆ ಅಳಿಸಿಹೋಗುತ್ತವೆ, ಅಷ್ಟೇ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ನಾಲ್ಕು ತಿಂಗಳು ನಿದ್ದೆಗೆಟ್ಟು ಕೊನೆಗೆ ನಿಶ್ಚಯ ಮಾಡಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಸಾಹೇಬರ ಕಚೇರಿಗೆ ಹೋದೆ. ಮೇಜಿನ ಹಿಂದೆ ಕರಿಕೋಟಿನವರೊಬ್ಬರು ಕುಳಿತಿದ್ದರು. ಮುಖ ಎತ್ತಿ ನೋಡದೆ ಅವರ ಮುಂದೆ ಕೈಮುಗಿದು ಚಾದರ, ಲಂಗ, ನೀಲಿ, ಕೊಡ, ಎಲ್ಲ ಹೇಳಿದೆ. ಕಣ್ಣೀರೂ ಹಾಕಿದೆ. "ಕಳ್ಳಿ ನಾನ್ರಿ, ನನ್ನ ತಮ್ಮ ಅಲ್ಲ. ಅವನಿಗೆ ಸಾಲಿ ಕೊಡ್ರಿ," ಎಂದೆ.

ಅವರ ಕಣ್ಣೂ ತುಂಬಿ ಬಂದಿತ್ತು. "ಭಾಳ ಕೆಟ್ಟ ಅನಸ್ತದ್ರಿ ಅಕ್ಕಾರ," ಎಂದರು. "ಆದ್ರ ನಾನೂ ನಿಮ್ಮಂಗ ಅರ್ಜಿ ಹಿಡಕೊಂಡು ಬಂದಾವ. ಸಾಹೇಬ್ರು ಊಟಕ್ಕ ಹೋಗ್ಯಾರ. ಕುರ್ಚಿ ಖಾಲಿ ಇತ್ತು, ಕುಂತೆ. ತಡೀರಿ, ಈಗ ಬರ್ತಾರ."

ತಡೆಯಬಹುದಿತ್ತು. ಆದರೆ ಒಂದು ಸಲಕ್ಕಾಗುವಷ್ಟೇ ಧೈರ್ಯ ಮನೆಯಿಂದ ಹೊತ್ತು ತಂದಿದ್ದೆ. ಸಾಹೇಬರು ಕೈ ತೊಳೆಯುವ ಮೊದಲೇ ನಾನು ಮನೆ ಸೇರಿದ್ದೆ.

ಪ್ರಭು ಬಾಗಿಲಲ್ಲಿ ಕುಳಿತಿದ್ದ. "ಎಲ್ಲಿ ಹೋಗಿದ್ದಿ ಅಕ್ಕಾ?"

"ಸಂತಿಗೆ."

"ಏನು ತಂದಿ?"

"ಏನೂ ಇಲ್ಲ."

ಆ ವರ್ಷ ನನ್ನ ತಮ್ಮನಿಗೆ ನಾನು ಹೇಳಿದ ಖರೆ ಮಾತು ಅದೊಂದೇ.