ಲೂನಾಕ್ಕೆ ಲಗಾಮು ಹಾಕಿದ ವಿದ್ವಾಂಸರಿಗೆ

ನಜರ್‌ಬಾದ್, ಮೈಸೂರು
ಜುಲೈ ೨೦೦೪

ಜಾನಪದ ವಿದ್ವಾಂಸರೂ, ದಪ್ಪ ದಪ್ಪ ಸಂಗ್ರಹ ಗ್ರಂಥಗಳ ಸಂಪಾದಕರೂ, ಕೃಷ್ಣಮೂರ್ತಿಪುರಂನ ಹಿರಿಯ ನಿವಾಸಿಗಳೂ ಆದ ಡಾ. ಮರಿಸ್ವಾಮಿಯವರ ಸನ್ನಿಧಿಗೆ,

ಮಾನ್ಯರೇ,

ಸತ್ತು ಇನ್ನೂರು ವರ್ಷವಾದವಳು ಬದುಕಿರುವವರಿಗೆ ಪತ್ರ ಬರೆಯುವುದು ಶಿಷ್ಟಾಚಾರವಲ್ಲವೆಂದು ಬಲ್ಲೆ. ಆದರೂ ತಾವು ಕಳೆದ ವರ್ಷ ಹೊರತಂದ ಗ್ರಂಥದಲ್ಲಿ ನನ್ನ ಹಾಡೊಂದನ್ನು ‘ಕರ್ತೃ ಅಜ್ಞಾತ, ಕಾಲ ಸುಮಾರು ಹದಿನೆಂಟನೆಯ ಶತಮಾನ’ ಎಂಬ ಘನತೆಯೊಂದಿಗೆ ಅಚ್ಚು ಹಾಕಿಸಿರುವುದರಿಂದ, ಆ ಅಜ್ಞಾತಳು ಇನ್ನೂ ನಜರ್‌ಬಾದಿನಲ್ಲೇ ಮಕ್ಕಳಿಗೆ ಗಿಟಾರ್ ಪಾಠ ಹೇಳಿಕೊಂಡು, ಸ್ವಲ್ಪ ಮಂಡಿನೋವು ಬಿಟ್ಟರೆ ಆರೋಗ್ಯವಾಗಿದ್ದಾಳೆಂದು ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ತಾವೂ, ತಮ್ಮ ಶ್ರೀಮತಿಯವರೂ, ತಮ್ಮ ಅಡಿಟಿಪ್ಪಣಿಗಳೂ ಸೌಖ್ಯವೆಂದು ನಂಬುತ್ತೇನೆ.

ನನ್ನ ಹೆಸರು ರೋಸ್‌ಮೇರಿ. ನಮ್ಮ ತಾತ ಅರಮನೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಅವರ ನಂತರ ಆ ವಾದ್ಯ ನಮ್ಮಪ್ಪ ಅಮಲರಾಜ್ ಅವರ ಪಾಲಿಗೆ ಬಂತು. ಅಪ್ಪ ಅದನ್ನು ಕ್ರಿಸ್‌ಮಸ್ಸಿಗೂ ಈಸ್ಟರಿಗೂ ಚರ್ಚಿನಲ್ಲಿ ನುಡಿಸಿ, ಮಿಕ್ಕ ದಿನಗಳಲ್ಲಿ ಒರೆಸಿ ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ೧೯೯೪ರಲ್ಲಿ ನಮ್ಮಣ್ಣ ಅಲ್ವಿನ್ ಯಾರಿಗೂ ಹೇಳದೆ ಆ ಕ್ಲಾರಿನೆಟ್ಟನ್ನು ಮಾರಿ, ಬಂದ ದುಡ್ಡಿನಲ್ಲಿ ಒಂದು ಹಳೆಯ ಲೂನಾ ಮೊಪೆಡ್ ಕೊಂಡು, ಅದನ್ನು ತುಳಿದು ಸ್ಟಾರ್ಟ್ ಮಾಡಿಕೊಂಡು ನಗುನಗುತ್ತಾ ಮನೆ ಮುಂದೆ ಬಂದು ನಿಂತ. ಅಪ್ಪ ಖಾಲಿ ಪೆಟ್ಟಿಗೆಯನ್ನು ನೋಡಿದರು, ಲೂನಾವನ್ನು ನೋಡಿದರು. “ಅದರ ಮೇಲೇ ಹೋಗ್ಬುಡು. ತಿರುಗಿ ಬರ್ಬೇಡ” ಎಂದರು. ಅಣ್ಣ ಅಪ್ಪನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟದ್ದು ನನಗೆ ತಿಳಿದಂತೆ ಅದೊಂದೇ ಸಲ. ಹೋದವನು ಹೋದ. ಹಿನಕಲ್ ಕಡೆ ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿದ್ದಾನೆಂದು ಸುದ್ದಿ ಬಂತೇ ಹೊರತು ಅವನು ಬರಲಿಲ್ಲ. ನಜರ್‌ಬಾದಿಗೂ ಹಿನಕಲ್ಲಿಗೂ ನಡುವೆ ಸಿಟಿ ಬಸ್ಸುಗಳು ಓಡಾಡುತ್ತಲೇ ಇದ್ದವು. ನಮ್ಮ ಮನೆಯವರ ರೋಷಕ್ಕೆ ಮಾತ್ರ ಆ ದಾರಿಯ ಬಸ್ಸು ಸಿಕ್ಕಲಿಲ್ಲ.

ಆಗ ನಾನು ಕಟ್ಟಿದ ಹಾಡು ಇದು:

ಲೂನಾ ಏರಿ ಹೋದೆಯಲ್ಲೋ ಅಲ್ವಿನಣ್ಣ
ಬಾಗಿಲಿನ್ನೂ ಹಾಕಿಲ್ಲವೋ ಅಲ್ವಿನಣ್ಣ
ಪೆಟ್ರೋಲು ಮುಗಿದರೆ ತಳ್ಳಿಕೊಂಡು ಬಾರಣ್ಣ

ಶಿವಕುಮಾರ್ ಎಂಬ ಮೈಕ್‌ಸೆಟ್ ಬಾಡಿಗೆಯ ಸ್ನೇಹಿತರು ತಮ್ಮ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ರಜಾಯಿ ಹೊಡೆದು ಅದನ್ನೇ ಸ್ಟುಡಿಯೋ ಎಂದು ಕರೆಯುತ್ತಿದ್ದರು. ೧೯೯೬ರಲ್ಲಿ ಅಲ್ಲಿ ಬೆವರುತ್ತಾ ಕೂತು ಇದನ್ನೂ ನನ್ನ ಬೇರೆ ಹಾಡುಗಳನ್ನೂ ಒಂದು ಕ್ಯಾಸೆಟ್ಟಿನಲ್ಲಿ ತುಂಬಿದೆವು. ಒಂದು ಪ್ರತಿಯನ್ನು ಪರಿಚಯದವರ ಕೈಲಿ ಅಣ್ಣನಿಗೂ ಕಳಿಸಿದೆ. ಅವನಿಂದ ಹೂಂ ಇಲ್ಲ, ಉಹೂಂ ಇಲ್ಲ. ಊರಿನವರಿಂದಲೂ ಅಷ್ಟೆ. ಅಂಗಡಿಯವರು ನನ್ನ ಕ್ಯಾಸೆಟ್ಟನ್ನು ಗಣಪತಿ ಭಜನೆಗಳ ಹಿಂದೆ, ಬಹಳ ಭದ್ರವಾದ ಜಾಗದಲ್ಲಿ ಕಾಪಾಡಿದರು. ಆರ್ಕೆಸ್ಟ್ರಾ ನಡೆಸುತ್ತಿದ್ದ ಒಬ್ಬರು ಮಾತ್ರ ಪ್ರೀತಿಯಿಂದಲೇ ಬುದ್ಧಿ ಹೇಳಿದರು: “ಕಂಠ ಚೆನ್ನಾಗಿದೆ ಕಣಮ್ಮ. ಸ್ವಂತದ್ದನ್ನ ಮನೇಲಿ ಹಾಡ್ಕೊಳಿ, ಸ್ಟೇಜ್ ಮೇಲೆ ಜನಕ್ಕೆ ಗೊತ್ತಿರೋದನ್ನ ಹಾಡಿ.” ನಾನು ಹಟಮಾರಿ. ಸ್ವಂತದ್ದನ್ನೇ ಹಾಡಿದೆ. ಕಾಲೇಜು ವಾರ್ಷಿಕೋತ್ಸವಗಳಲ್ಲಿ ಬಹುಮಾನ ವಿತರಣೆಗೂ ವಂದನಾರ್ಪಣೆಗೂ ನಡುವೆ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತದಲ್ಲ, ಅದರ ಜೊತೆಗೆ ಒಂದು ಗಿಟಾರ್ ಕೇಳಿಸಿದ್ದು ತಮಗೆ ನೆನಪಿದ್ದರೆ, ಅದು ನಾನು.

ಹೀಗೆ ವರ್ಷಗಳು ಸಂದ ಮೇಲೆ, ಈ ವರ್ಷದ ಮೊದಲಿಗೆ ಒಂದು ಮಹಿಳಾ ಸಮಾಜದವರು ಹಾಡಿನ ಸ್ಪರ್ಧೆ ಇಟ್ಟರು. ನಾನು ಲೂನಾದ ಹಾಡು ಶುರು ಮಾಡಿದೆ. ಮಾನ್ಯರೇ, ಮೊದಲ ಸಾಲಿಗೇ ಸಭೆಯೆಲ್ಲ ಚಪ್ಪಾಳೆ ತಟ್ಟಿ ಜೊತೆಗೆ ಹಾಡತೊಡಗಿತು! ಇಷ್ಟು ವರ್ಷದ ತಪಸ್ಸು ಫಲಿಸಿತೆಂದು ನನ್ನ ಕಣ್ಣು ತುಂಬಿ ಬಂತು. ಇಳಿದು ಬಂದರೆ ತೀರ್ಪುಗಾರರಾದ ಪ್ರೇಮಲೀಲಾ ಅವರು ನನ್ನನ್ನು ಪಕ್ಕಕ್ಕೆ ಕರೆದು, “ರಾಗ ಪರ್ವಾಗಿಲ್ಲ ಕಣ್ರೀ. ಆದ್ರೆ ಜಾನಪದ ಹಾಡೋವಾಗ ಪದ ತಿರುಚ್ಬಾರ್ದು. ಅದು ‘ಅಲ್ವಿನಣ್ಣ’ ಅಲ್ಲ, ‘ಅಲ್ವೇನಣ್ಣ’. ಪುಸ್ತಕ ನೋಡಿ ಕಲೀರಿ” ಎಂದು ಮೆಲ್ಲನೆ ಹೇಳಿ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ನಾನೇ ಕಟ್ಟಿದ ಹಾಡನ್ನು ನಾನೇ ತಪ್ಪು ಹಾಡಿ ಮೂವರ ಹಿಂದೆ ನಿಂತೆ.

ಪುಸ್ತಕ ನೋಡಿ ಕಲಿಯಲು ಲೈಬ್ರರಿಗೆ ಹೋದೆ. ತಮ್ಮ ಪಾಂಡಿತ್ಯದ ಮುಂದೆ ತಲೆಬಾಗುತ್ತೇನೆ. ‘ಲೂನ: ಪಾರಸಿ ಮೂಲದ ಪದವಿರಬೇಕು. ಶ್ರೀರಂಗಪಟ್ಟಣದ ಅಶ್ವದಳದಲ್ಲಿದ್ದ ಕುಳ್ಳ ತಳಿಯ ಕುದುರೆ’ ಎಂದು ತಾವು ಬರೆದಿರುವುದನ್ನು ಓದಿ, ನಮ್ಮಣ್ಣನ ಗಾಡಿ ದಿಣ್ಣೆ ಹತ್ತುವಾಗ ಮಾಡುತ್ತಿದ್ದ ಕೆನೆತಕ್ಕೆ ಕೊನೆಗೂ ಕಾರಣ ತಿಳಿಯಿತು. ‘ಅಲ್ವೇನಣ್ಣ’ ಎಂಬ ಪಲ್ಲವಿಯಲ್ಲಿ ಅನಾಮಿಕ ಗರತಿಯೊಬ್ಬಳ ತಾತ್ವಿಕ ಸಂಶಯವಿದೆ ಎಂದಿದ್ದೀರಿ. ಅದನ್ನು ಓದಿ ಮಾತ್ರ ನನಗೆ ನಗು ಬರಲಿಲ್ಲ. ಆ ಹಾಡಿನಲ್ಲಿ ನಾನು ಇಟ್ಟುಕೊಂಡಿದ್ದುದೇ ಒಂದು ಹೆಸರು. ಮನೆಯಲ್ಲಿ ಅಪ್ಪನ ಎದುರು ಯಾರೂ ಎತ್ತಬಾರದಾಗಿದ್ದ ಆ ಹೆಸರನ್ನು ನಾನು ಎತ್ತುತ್ತಿದ್ದುದು ಹಾಡಿನಲ್ಲಿ ಮಾತ್ರ.

ಮರುದಿನವೇ ತಮ್ಮ ಮನೆಗೆ ಬಂದದ್ದು ತಮಗೆ ನೆನಪಿರಬಹುದು. ಒಳ್ಳೆಯ ಕಾಫಿ ಕೊಟ್ಟಿರಿ. “ಸಾರ್, ಈ ಹಾಡು ನಂದು” ಎಂದೆ. “ಜಾನಪದ ಎಲ್ಲರದೂ ಅಲ್ವೇನಮ್ಮ” ಎಂದಿರಿ. ಹಾಡಿ ತೋರಿಸಿದೆ. ತಾವು ಅರ್ಧಕ್ಕೇ ಎದ್ದು ಟೇಪ್‌ರೆಕಾರ್ಡರ್ ತಂದು, “ಪೆಟ್ರೋಲು! ಎಷ್ಟು ಇತ್ತೀಚಿನ ಪ್ರಕ್ಷೇಪ! ಇದು ನಜರ್‌ಬಾದ್ ಪಾಠಾಂತರ” ಎಂದು ಸಂಭ್ರಮಿಸಿ, ನನ್ನ ವಯಸ್ಸು, ಧರ್ಮ, ತಾಯಿಯ ಹೆಸರು ಬರೆದುಕೊಂಡಿರಿ. ಕ್ಯಾಸೆಟ್ ತೋರಿಸಿದರೆ, ಜಾನಪದವನ್ನು ಉಳಿಸುವ ಕೆಲಸ ಮಾಡಿದ್ದೀರಿ ಎಂದು ಬೆನ್ನು ತಟ್ಟಿದಿರಿ. ಕೊನೆಗೆ, “ಅನುಮಾನ ಇದ್ರೆ ಮೂಲಕ್ಕೇ ಹೋಗಿ ಕೇಳಿ. ಹಿನಕಲ್ಲಿನ ಪುಟ್ಟಬಸಮ್ಮನವರು ಹಾಡಿದ್ದು. ಅವರಿಗೆ ಅವರ ಅಜ್ಜಿ ಹೇಳಿಕೊಟ್ಟಿದ್ದು” ಎಂದು ವಿಳಾಸವನ್ನೂ ಕೊಟ್ಟಿರಿ. ತಾವು ಆ ದಿನ ನನ್ನ ಮಾತನ್ನು ನಂಬಿಬಿಟ್ಟಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಪುಟ್ಟಬಸಮ್ಮನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕೈಗೂ ಒಂದು ಹಿಡಿ ಕೊಟ್ಟು ಸುಲಿಯಲು ಕೂರಿಸಿಕೊಂಡರು. ಹಾಡಿನ ವಿಷಯ ಎತ್ತಿದ್ದೇ ತಡ, “ಅಯ್ಯೋ, ಆ ಸ್ವಾಮೇರು ಹಳೇ ಪದ ಬತ್ತದಾ ಅಂದ್ರು, ಇದು ಬತ್ತದೆ ಅಂದೆ. ಅಜ್ಜಿ ಕಲ್ಸಿದ್ದಾ ಅಂದ್ರು. ಪಾಪ, ಬಿಸಿಲಲ್ಲಿ ಬಂದವ್ರೆ, ಇಲ್ಲ ಅಂದ್ರೆ ಬೇಜಾರ್ ಮಾಡ್ಕತಾರೆ ಅಂತ ಹೂಂ ಅಂದ್ಬುಟ್ಟೆ” ಎಂದರು.

“ಮತ್ತೆ ಯಾರು ಕಲಿಸಿದ್ದು ಅಜ್ಜಿ?”

“ಯಾರ್ ಕಲುಸ್ತಾರೆ? ನಮ್ಮ ಹಿಂದ್ಗಡೆ ಮನೇಲಿ ಬಾಡ್ಗೆಗೆ ಅವ್ನಲ್ಲ, ವೆಲ್ಡಿಂಗ್ ರಾಜು, ಅವನ ಟೇಪ್‌ರೆಕಾರ್ಡು. ಕೆಲ್ಸದಿಂದ ಬಂದೇಟ್ಗೆ ಇದ್ನೇ ಹಾಕೋನು. ಬ್ಯಾರೆ ಕ್ಯಾಸೆಟ್ ಇಲ್ವೇನಪ್ಪಾ ಅಂದ್ರೆ, ಐತೆ ಕಣಜ್ಜಿ, ಆದ್ರೆ ಇದ್ರಲ್ಲಿ ನನ್ನ ಹೆಸರೈತೆ ಅನ್ನೋನು. ನನ್ಗೆಲ್ಲಿ ಕೇಳ್ತದೆ ರಾಜು ಅಂತ? ಅಲ್ವೇನಣ್ಣ, ಅಲ್ವೇನಣ್ಣ ಅಂತಾಳೆ ಆ ಎಣ್ಣು. ಇವನ್ಗೆ ತಲೆ ಕೆಟ್ಟದೆ ಅಂದ್ಕಂಡೆ.”

ಸುಲಿದ ಅವರೆಕಾಳು ನನ್ನ ಕೈಯಿಂದ ಜಾರಿ ಜಗಲಿ ತುಂಬ ಉರುಳಿದವು. ನಮ್ಮಣ್ಣನ ಪೂರ್ತಿ ಹೆಸರು ಅಲ್ವಿನ್ ರಾಜ್.

ಕಾಳು ಆಯ್ದುಕೊಳ್ಳುವ ನೆಪದಲ್ಲಿ ಮುಖ ಬಗ್ಗಿಸಿ, ಬಾಯಿಗೆ ಬಂದದ್ದನ್ನು ಕೇಳಿದೆ: “ಪುಸ್ತಕದಲ್ಲಿ ಪೆಟ್ರೋಲು ಅನ್ನೋ ಕಡೆ ‘ಮೇವು ಮುಗಿದರೆ ನಡೆಸಿಕೊಂಡು ಬಾರಣ್ಣ’ ಅಂತಿದೆ, ಯಾಕೆ ಹಾಗೆ ಮಾಡಿದ್ರಿ ಅಜ್ಜಿ?” “ಪೆಟ್ರೋಲ್ ಅಂದ್ರೆ ಪದ ವಾಸ್ನೆ ಬತ್ತದೆ ಕಣವ್ವ” ಎಂದರು. ಒಪ್ಪಿಕೊಳ್ಳಲು ಕಷ್ಟವಾದರೂ, ಅವರ ಸಾಲು ನನ್ನದಕ್ಕಿಂತ ಚೆನ್ನಾಗಿದೆ.

ಸಂಜೆ ಅಣ್ಣ ಟಿಫಿನ್ ಕ್ಯಾರಿಯರ್ ಹಿಡಿದು ನಡೆದುಕೊಂಡು ಬಂದ. ತಲೆ ಅರ್ಧ ನರೆತಿತ್ತು. ಜಗಲಿಯ ಮೇಲೆ ನನ್ನನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟ.

“ಯಾಕೆ ಬಂದೆ?” ಎಂದ.

“ನನ್ನ ಹಾಡು ವಾಪಸ್ ಇಸ್ಕೊಂಡು ಹೋಗೋಣ ಅಂತ.”

ಗೇಟು ಮುಚ್ಚಿ ಜಗಲಿಯ ಹತ್ತಿರ ಬಂದ. ಆಮೇಲೆ, “ಕ್ಯಾಸೆಟ್ ಸವೆದೋಗಿದೆ ಕಣೇ. ಎರಡನೇ ಚರಣ ಕೇಳ್ಸೋದೇ ಇಲ್ಲ” ಎಂದ. ಅಲ್ಲೇ ಕೂತು ಎರಡನೇ ಚರಣ ಹಾಡಿದೆ. ಪುಟ್ಟಬಸಮ್ಮನವರು ನಡುನಡುವೆ ನನ್ನನ್ನು ತಿದ್ದುತ್ತಿದ್ದರು. ಅಣ್ಣ ಟಿಫಿನ್ ಕ್ಯಾರಿಯರನ್ನು ಕೆಳಗಿಡುವುದನ್ನೇ ಮರೆತು ನಿಂತಿದ್ದ.

ಅವನನ್ನು ಮನೆಗೆ ಕರೆದೊಯ್ಯಲು ಇನ್ನೂ ಮೂರು ಭಾನುವಾರ ಹಿನಕಲ್ಲಿಗೆ ಅಲೆದೆ. ಕೊನೆಗೆ ಒಂದು ದಿನ ನಾನು ಚರ್ಚಿನಲ್ಲಿ ಪೂಜೆ ಮುಗಿಸಿ ಬರುವ ಹೊತ್ತಿಗೆ ಅವನೇ ಬಸ್ಸಿಳಿದು ನಮ್ಮ ಬೀದಿಯ ತಿರುವಿನಲ್ಲಿ ನಿಂತಿದ್ದ. ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆದು, ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗಾಡಿ ಎಲ್ಲೋ?”

“ಮಾರ್ಬುಟ್ಟೆ ಅಪ್ಪ.”

“ಅದನ್ನೂ ಮಾರ್ಬುಟ್ಯಾ!”

ಒಳಗೆ ಅಡುಗೆಮನೆಯಲ್ಲಿ ಮೊದಲು ನಕ್ಕವರು ನಮ್ಮಮ್ಮ ಕ್ಯಾಥರೀನ್. ಆ ನಗು ಅಳುವಾಗಿ, ಮತ್ತೆ ನಗುವಾಗಿ ಹೊರಗೆ ಬಂತು. ಅಪ್ಪ ಪೇಪರ್ ಮಡಿಸಿ, “ಬಿಸಿಲಲ್ಲಿ ಯಾಕೆ ನಿಂತಿದ್ಯ, ಒಳಗೆ ನಡಿ” ಎಂದರು. ಕ್ಲಾರಿನೆಟ್ಟಿನ ಮಾತನ್ನು ಊಟ ಮುಗಿಯುವವರೆಗೂ ತೆಗೆಯಲಿಲ್ಲ. ಊಟವಾದ ಮೇಲೆ ಸಂಜೆಯವರೆಗೂ ಅದನ್ನೇ ಆಡಿದರು. ಅಣ್ಣ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ, ಎದ್ದು ಹೋಗಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ದೂರು ಏನೆಂಬುದು ಈಗ ನನಗೇ ಸ್ವಲ್ಪ ಗೋಜಲಾಗಿದೆ. ದೂರು ಇರುವುದಂತೂ ನಿಜ. ಮುಂದಿನ ಮುದ್ರಣದಲ್ಲಿ ಕುದುರೆಯನ್ನು ತಾವು ಬೇಕಿದ್ದರೆ ಇಟ್ಟುಕೊಳ್ಳಿ, ಮೇವನ್ನೂ ಇಟ್ಟುಕೊಳ್ಳಿ, ಹೆಸರನ್ನು ಮಾತ್ರ ಹಿಂದಿರುಗಿಸಿ. ಹೆಸರಿನ ಮಾಲೀಕ ಈಗ ಮನೆಯಲ್ಲೇ ಇದ್ದಾನೆ, ದಿನಾ ಕೇಳುತ್ತಾನೆ. ಹದಿನೆಂಟನೆಯ ಶತಮಾನದಿಂದ ಹಾಡುತ್ತಿರುವ ಕಲಾವಿದೆಗೆ ಸಲ್ಲಬೇಕಾದ ಮಾಸಾಶನದ ಹಿಂಬಾಕಿಗೆ ಸರ್ಕಾರಕ್ಕೆ ಒಂದು ಶಿಫಾರಸು ಬರೆದುಕೊಟ್ಟರೆ ಉಪಕಾರವಾದೀತು. ಇನ್ನೊಂದು ಬೇಡಿಕೆ ದೊಡ್ಡದು. ಅದೇ ಕ್ಯಾಸೆಟ್ಟಿನಲ್ಲಿರುವ ನನ್ನ ಬೇರೆ ಹಾಡುಗಳು, ಕರ್ತೃ ಯಾರೆಂದು ಗೊತ್ತಿರುವ ಒಂದೇ ಕಾರಣಕ್ಕೆ, ಇಂದಿಗೂ ಯಾರ ಬಾಯಿಗೂ ಬೀಳದೆ ನರಳುತ್ತಿವೆ. ದಯಮಾಡಿ ಅವುಗಳನ್ನೂ ಒಂದೊಂದಾಗಿ ಅನಾಥ ಮಾಡಿ ಪುಣ್ಯ ಕಟ್ಟಿಕೊಳ್ಳಬೇಕೆಂದು, ಬದುಕಿರುವ ಕೈಗಳೆರಡನ್ನೂ ಜೋಡಿಸಿ ಬೇಡುತ್ತೇನೆ.

ತಮ್ಮ ವಿಶ್ವಾಸಿ,
ರೋಸ್‌ಮೇರಿ
(ನಜರ್‌ಬಾದ್ ಪಾಠಾಂತರ)

ಬರೆಯಲು ಮರೆತದ್ದು: ಪುಟ್ಟಬಸಮ್ಮನವರಿಂದಲೇ ಸಂಗ್ರಹಿಸಿ ತಾವು ಹದಿನೇಳನೆಯ ಶತಮಾನಕ್ಕೆ ಸೇರಿಸಿರುವ ಆ ಸ್ನಾನದ ಪದವನ್ನು ಶಿವಕುಮಾರ್ ಅವರಿಗೆ ಹಾಡಿ ತೋರಿಸಿದೆ. ಅದು ಎಂಬತ್ತರ ದಶಕದಲ್ಲಿ ರೇಡಿಯೋದಲ್ಲಿ ಬರುತ್ತಿದ್ದ ಸೋಪಿನ ಜಾಹೀರಾತೆಂದು ಅವರು ಆಣೆ ಇಟ್ಟು ಹೇಳುತ್ತಿದ್ದಾರೆ. ಕಂಪನಿಯವರು ಇನ್ನೂ ತಮ್ಮ ಗ್ರಂಥವನ್ನು ಓದಿದಂತಿಲ್ಲ. ನಾನಂತೂ ಬಾಯಿ ಬಿಡುವುದಿಲ್ಲ.