ಬೀಟೆ ಮಂಚಕ್ಕೆ ಬೆಲೆ ಕಟ್ಟಿಸಿದ್ದು

ಬಂದವರಿಗೆ ತೋರಿಸಲೆಂದೇ ಪ್ರತಿಯೊಂದು ಮನೆಯಲ್ಲೂ ಒಂದು ವಸ್ತು ಇರುತ್ತದೆ. ಕೆಲವರ ಮನೆಯಲ್ಲಿ ಅದು ತಾಮ್ರದ ಹಂಡೆ, ಕೆಲವರ ಮನೆಯಲ್ಲಿ ಗೋಡೆ ಗಡಿಯಾರ, ಇನ್ನು ಕೆಲವರ ಮನೆಯಲ್ಲಿ ಅಳಿಯ. ಮನೆಯವರು ಅದರ ಬಗ್ಗೆ ಹೇಳುವುದನ್ನೆಲ್ಲ ಕೇಳಿ, 'ಓಹೋ' ಎಂದು ತಲೆದೂಗಿ, ಕಾಫಿ ಕುಡಿದು ಎದ್ದು ಬರುವುದು ಸಭ್ಯರ ಲಕ್ಷಣ. ಯಾರೂ ಅದನ್ನು ಮಗುಚಿ ಅಡಿಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಹಾಗೆ ನೋಡಲೆಂದೇ ಫೀಸು ಕೊಟ್ಟು ಒಬ್ಬರನ್ನು ಮನೆಗೆ ಕರೆಸಿದವನು ನಾನು. ಆ ಕಥೆಯನ್ನು ಈಗ ಹೇಳಬಹುದು. ಮನಸ್ಸು ಹಗುರವಾಗಿದೆ, ಯಾರೂ ನನ್ನನ್ನು ಹಿಡಿದುಕೊಂಡು ಹೋಗಲಿಲ್ಲ.

ನಮ್ಮ ಮನೆಯ ಆ ವಸ್ತು ಒಂದು ಮಂಚ. ಗುಂಡ್ಲುಪೇಟೆಯಲ್ಲಿ ಅಪ್ಪನ ಮನೆಯ ದೊಡ್ಡ ಕೋಣೆಯನ್ನು ಪೂರ್ತಿ ಆಕ್ರಮಿಸಿಕೊಂಡು ಕೂತಿತ್ತು. ತಲೆದೆಸೆಯಲ್ಲಿ ಎದುರುಬದುರು ಎರಡು ನವಿಲು, ನಡುವೆ ಬಳ್ಳಿ, ಮೈಯೆಲ್ಲ ಕಪ್ಪಗೆ ಮಿರಮಿರ ಮಿಂಚುವ ಬಣ್ಣ. ತಾತನ ಕಾಲದ್ದು, ಅಪ್ಪಟ ಬೀಟೆ ಮರದ್ದು ಎಂದು ನಾನು ಮಾತು ಕಲಿತಾಗಿನಿಂದ ಹೇಳಿಕೊಂಡು ಬಂದಿದ್ದೇನೆ. ನನಗೆ ಹೆಣ್ಣು ಕೊಡುವ ಮಾತಾಡಲು ಬಂದ ಮಾವನವರನ್ನು ಇದರ ಮೇಲೆಯೇ ಕೂರಿಸಿದ್ದೆವು. ಬದನಗುಪ್ಪೆಯ ಕಾರ್ಖಾನೆಯಲ್ಲಿ ನನ್ನ ಜೊತೆ ಲೆಕ್ಕ ಬರೆಯುವವರಿಗೆಲ್ಲ ಈ ಮಂಚ ನೋಡದೆಯೇ ಬಾಯಿಪಾಠವಾಗಿದೆ. ಅದನ್ನು ಎತ್ತಲು ನಾಲ್ಕು ಜನ ಬೇಕು ಎಂಬುದು ಮನೆಯವರ ನಂಬಿಕೆ. ಸುಣ್ಣ ಹೊಡೆಸುವಾಗಲೆಲ್ಲ ನಾಲ್ಕು ಜನರನ್ನೇ ಕರೆಯುತ್ತಿದ್ದೆವು, ನಾಲ್ವರೂ 'ಅಯ್ಯಪ್ಪಾ' ಎಂದು ಏದುಸಿರು ಬಿಡುತ್ತಿದ್ದರು. ಒಮ್ಮೆ ಕೇರಳದ ಕಡೆಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬಂದವನು ಮಂಚದ ಕಾಲನ್ನು ಬೆರಳಿನಿಂದ ತಟ್ಟಿ ನೋಡಿ, ಸಣ್ಣಗೆ ನಕ್ಕು, ಬೆಲೆಯನ್ನೇ ಕೇಳದೆ ಹೊರಟುಹೋದ. ಅಷ್ಟೊಂದು ದುಡ್ಡು ಅವನ ಹತ್ತಿರ ಇರಲಿಲ್ಲ ಎಂದು ಅಪ್ಪ ನಮಗೆ ವಿವರಿಸಿದ್ದರು.

ಅಪ್ಪ ತೀರಿಕೊಂಡ ಮೇಲೆ ಆಸ್ತಿ ಭಾಗದ ಮಾತು ಬಂತು. ಭಾಗಕ್ಕೆ ನಾವಿಬ್ಬರೇ: ಚಾಮರಾಜನಗರದಲ್ಲಿ ಮನೆ ಮಾಡಿಕೊಂಡಿರುವ ನಾನು ಮತ್ತು ಉಡಿಗಾಲಕ್ಕೆ ಕೊಟ್ಟಿರುವ ನನ್ನ ಅಕ್ಕ ಗೌರಮ್ಮ. ಜಗಳವೇನೂ ಇರಲಿಲ್ಲ. "ಮನೆ ಸಮ ಮಾಡ್ಕಳನ ಕಣ್ಲಾ. ಮಿಕ್ಕ ಸಾಮಾನೆಲ್ಲ ನೀನೇ ತಕ್ಕ. ಮಂಚ ಒಂದ ನಂಗೆ ಬುಟ್ಬುಡು" ಎಂದಳು ಅಕ್ಕ. ಅಷ್ಟು ದೊಡ್ಡದನ್ನು ಎಲ್ಲಿ ಇಟ್ಟುಕೊಳ್ಳುತ್ತೀಯ ಎಂದು ಕೇಳಿದೆ. "ಅಪ್ಪ ಮಲಗುದ್ರು, ನೀನು ಮಲಗ್ದೆ, ಬಂದ ನೆಂಟ್ರೆಲ್ಲ ಮಲಗುದ್ರು. ನಾನೂ ಅವ್ವನೂ ಚಾಪೆ ಮ್ಯಾಲೆ. ಒಂದಿನಾನೂ ನಾನು ಅದ್ರ ಮ್ಯಾಲೆ ಬೆನ್ನಿಕ್ಕಿಲ್ಲ ಕಣ್ಲಾ" ಎಂದಳು. ನನಗೆ ನಾಚಿಕೆಯಾಯಿತು. ಆ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಮಂಚ ನಿನಗೇ ಎಂದು ಅಲ್ಲೇ ಮಾತು ಕೊಟ್ಟೆ.

ಆದರೆ ನಮ್ಮ ವಕೀಲರು ಅಷ್ಟಕ್ಕೆ ಬಿಡಲಿಲ್ಲ. "ಬೀಟೆ ಮಂಚ ಅಂತೀರಿ. ಲಕ್ಷಗಟ್ಟಲೆ ಬಾಳಬಹುದು. ವಿಭಾಗ ಪತ್ರದಲ್ಲಿ ಬಾಯಿಗೆ ಬಂದ ಬೆಲೆ ಬರೆಯೋಕಾಗುತ್ತಾ? ನೀವಿಬ್ಬರು ಚೆನ್ನಾಗಿದ್ದೀರಿ, ನಾಳೆ ನಿಮ್ಮ ಮಕ್ಕಳು ಕೋರ್ಟಿಗೆ ಬರ್ತಾರೆ. ಯಾರಾದರೂ ಮಾರಿದರೆ ತೆರಿಗೆಯವರು ಬೇರೆ ಕೇಳ್ತಾರೆ. ಮೈಸೂರಿನಿಂದ ಒಬ್ಬ ವ್ಯಾಲ್ಯುಯರ್ ಕರೆಸಿ, ಬೆಲೆ ಕಟ್ಟಿಸಿ ಬರೆಸಿಕೊಳ್ಳಿ" ಎಂದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷ ಬಾಯಲ್ಲಿ ಕೊಚ್ಚಿಕೊಂಡದ್ದು ಇನ್ನು ಮೇಲೆ ಛಾಪಾ ಕಾಗದದ ಮೇಲೆ ಇರುತ್ತದೆ, ಅದರ ಜೆರಾಕ್ಸ್ ಒಂದನ್ನು ಆಫೀಸಿಗೂ ತೆಗೆದುಕೊಂಡು ಹೋಗಬಹುದು ಎಂದುಕೊಂಡೆ.

ಆ ಖುಷಿ ವ್ಯಾಲ್ಯುಯರ್ ಫೋನ್ ಮಾಡುವವರೆಗೆ ಇತ್ತು. ಅವರು ಬಹಳ ಮರ್ಯಾದೆಯಿಂದ, "ಮಂಚ ಯಾವ ಮರದ್ದು, ಮರ ಎಲ್ಲಿಂದ ತಂದದ್ದು, ಹಳೇ ರಸೀತಿ ಏನಾದರೂ ಇದ್ದರೆ ತೆಗೆದಿಟ್ಟಿರಿ ಸಾರ್" ಎಂದರು. ರಸೀತಿ! ನಾವು ಕಾಡಿನ ಮಗ್ಗುಲಲ್ಲೇ ಬೆಳೆದವರು. ಬೀಟೆಗೆ ಕೊಡಲಿ ಇಡುವಂತಿಲ್ಲ ಎಂಬುದು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ಕೆಳಗಿನ ಗೇಟಿನಲ್ಲಿ ಖಾಕಿ ಬಟ್ಟೆ ಕಂಡರೆ ಸಾಕು, ಕೈಯಲ್ಲಿ ಹಣ್ಣುಕಾಯಿಯ ಚೀಲ ಬಿಟ್ಟು ಬೇರೇನೂ ಇಲ್ಲದಿದ್ದರೂ ಬೆವರುವವನು ನಾನು. ಅಂಥವನು 'ಬೀಟೆ ಮರದ ಮಂಚ ಒಂದು' ಎಂದು ಕೈಯಾರೆ ಬರೆದು ಸಹಿ ಹಾಕಿ ರಿಜಿಸ್ಟರ್ ಮಾಡಿಸುವುದೇ? ಅರಣ್ಯದವರು ಬಂದು ಮರ ಎಲ್ಲಿಯದು ಎಂದರೆ ತಾತನನ್ನು ಕರೆಯುವಂತಿಲ್ಲ, ನನ್ನನ್ನೇ ಜೀಪು ಹತ್ತಿಸುತ್ತಾರೆ. ಕೆಲಸ ಹೋಗುತ್ತದೆ. ಕಾನೂನು ನಿಜವಾಗಿ ಏನು ಹೇಳುತ್ತದೆ ಎಂದು ವಕೀಲರನ್ನು ಕೇಳಬಹುದಿತ್ತು. ಕೇಳಿದರೆ ಎಲ್ಲಿ ಹೌದು ಎಂದುಬಿಡುತ್ತಾರೋ ಎಂದು ಕೇಳಲಿಲ್ಲ.

"ಬೀಟೆ ಅಲ್ಲ ಅಂತ ಹೇಳಿಬಿಡ್ಲಾ?" ಎಂದು ಹೆಂಡತಿ ಸುಮಿತ್ರಾಳನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲೂ ಇಲ್ಲ. "ನಮ್ಮಪ್ಪ ಆ ಮಂಚ ನೋಡ್ಕಂಡೇ ಹೆಣ್ಣು ಕೊಟ್ಟದ್ದು. ಈಗ ಅಲ್ಲ ಅಂದ್ರೆ ನನ್ನ ವಾಪಸ್ ಕಳಿಸ್ತೀರಾ?" ಎಂದಳು. ಈ ವಿಷಯದಲ್ಲಿ ಮನೆಯಿಂದ ಸಹಾಯ ಸಿಗುವುದಿಲ್ಲ ಎಂದು ತಿಳಿಯಿತು.

ಗೊತ್ತುಮಾಡಿದ ದಿನ ವ್ಯಾಲ್ಯುಯರ್ ಗುಂಡ್ಲುಪೇಟೆಗೆ ಬಂದರು. ಸಣಕಲು ದೇಹದ, ಕನ್ನಡಕದ ಸೌಮ್ಯ ಮನುಷ್ಯ. ಚೀಲದಲ್ಲಿ ಟೇಪು, ಟಾರ್ಚು, ಒಂದು ಪುಟ್ಟ ಚಾಕು. ಅಕ್ಕ ಉಡಿಗಾಲದಿಂದ ಬೆಳಗಿನ ಬಸ್ಸಿಗೇ ಬಂದು, ಮಂಚವನ್ನು ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ತಾನೂ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಕುರ್ಚಿ, ಮೇಜು, ಬೀರು ಎಲ್ಲ ಮುಗಿಸಿ ಅವರು ಮಂಚದ ಬಳಿ ಬಂದು, "ಇದು ಯಾವ ಮರ?" ಎಂದರು.

"ಯಾವುದೋ ಕಾಡುಮರ ಸಾರ್" ಎಂದೆ. ಕಾಡು ಎಂಬ ಮಾತು ಬಾಯಿಗೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡು, "ಅಂದರೆ, ಹೊಲದ ಬದುವಿನದು" ಎಂದು ತಿದ್ದಿದೆ.

"ಏನ್ಲಾ ಅಂಗಂತೀಯ?" ಎಂದು ಅಕ್ಕ ಮುಂದೆ ಬಂದಳು. "ಅಪ್ಪಟ ಬೀಟೆ ಸ್ವಾಮಿ! ನಮ್ ತಾತ ಕಾಡಿಂದ್ಲೇ ಇಳಿಸಿದ್ದು. ಗಾಡಿ ತುಂಬ ಉಲ್ಲು ಏರ್ಕಂಡು, ಅದ್ರಡೀಲಿ ದಿಮ್ಮಿ ಮಡಿಕ್ಕಂಡು ತಂದ್ರಂತೆ."

"ಅಕ್ಕ, ಸಾರ್‌ಗೆ ಕಾಫಿ..."

"ಕಾಫಿ ಇರ್ಲಿ ಬುಡು. ಗೇಟ್ ತಾವ ತಡುದ್ರೆ, ದನಕ್ಕೆ ಉಲ್ಲು ಕಣ್ರಪ್ಪಾ ಅಂದ್ರಂತೆ. ಅಂಥಾ ಗಟ್ಟಿಗ ಸ್ವಾಮಿ ನಮ್ ತಾತ!"

ನಾನು ಕೆಮ್ಮಿದೆ. ಅವರು ಏನೂ ಅರಿಯದವರಂತೆ, "ಒಂದೇ ದಿಮ್ಮಿನಾ ಅಮ್ಮಾ?" ಎಂದರು. "ಲೆಕ್ಕ ಯಾರ್ ಮಡಗಿದ್ರು? ಮಂಚ ಆಗಿ ಮಿಕ್ಕದ್ದ ಮಾರ್ಬುಟ್ರಂತೆ" ಎಂದಳು ಅಕ್ಕ. ಕದ್ದದ್ದು, ಸಾಗಿಸಿದ್ದು, ಮಾರಿದ್ದು, ಮೂರೂ ಸಾಕ್ಷಿ ಸಮೇತ ಮುಗಿಯಿತು. ನಾನು ಗೋಡೆಗೆ ಒರಗಿ ನಿಂತೆ.

ಅಷ್ಟರಲ್ಲಿ ಅವರು ಬಗ್ಗಿ ಮಂಚದ ಒಂದು ತುದಿಯನ್ನು ಒಂದೇ ಕೈಯಲ್ಲಿ ಎತ್ತಿದರು. ಆ ಸಣಕಲು ಕೈಗೆ ಅದು ಸಲೀಸಾಗಿ ಎದ್ದು ಬಂತು. ಅಡಿಗೆ ಟಾರ್ಚು ಬಿಟ್ಟು, ಚಾಕುವಿನಿಂದ ಸ್ವಲ್ಪ ಕೆರೆದು, ಮೂಸಿ ನೋಡಿ, ಮಂಡಿಯ ಧೂಳು ಕೊಡವಿಕೊಂಡು ಎದ್ದರು. "ಕಾಲು ನಾಲ್ಕೂ ಹಲಸು ಸಾರ್. ಹಲಗೆಯೆಲ್ಲ ಮಾವು. ಮೇಲೆ ಕರಿ ಪಾಲಿಶ್ ಚೆನ್ನಾಗಿ ಕೂರಿಸಿದ್ದಾರೆ. ನವಿಲಿನ ಕೆಲಸಕ್ಕೆ ಬೇಕಾದರೆ ಸ್ವಲ್ಪ ಸೇರಿಸ್ತೀನಿ" ಎಂದು ಒಂದು ಬೆಲೆ ಹೇಳಿದರು. ಅಂಗಡಿಯಲ್ಲಿ ಒಂದು ಪ್ಲೈವುಡ್ ಮಂಚಕ್ಕೂ ಅದು ಸಾಲುತ್ತಿರಲಿಲ್ಲ.

ಆಗ ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ! ನಮ್ಮ ತಾತ ಕಳ್ಳನಲ್ಲ, ಬರೀ ಬಾಯಿಬಡುಕ. ಕಾಡಿಗೂ ನಮಗೂ ಸಂಬಂಧವಿಲ್ಲ, ನಮ್ಮ ವಂಶದ ವೈಭವವೆಲ್ಲ ಹಿತ್ತಲಿನ ಹಣ್ಣಿನ ಗಿಡ. ಎರಡೂ ಕೈಯಿಂದ ಅವರ ಕೈ ಹಿಡಿದು ಕುಲುಕಿದೆ. ಬೆಲೆ ಕಡಿಮೆ ಬಂತೆಂದು ಕೈ ಕುಲುಕುವ ಮಾಲೀಕನನ್ನು ಅವರು ಅಂದೇ ಮೊದಲು ನೋಡಿದ್ದಿರಬೇಕು, ಸ್ವಲ್ಪ ಹಿಂದೆ ಸರಿದರು. ರಸೀತಿ ಯಾಕೆ ಕೇಳಿದ್ದು ಎಂದರೆ, "ಎಷ್ಟು ಹಳೇದು ಅಂತ ಗೊತ್ತಾಗಲಿ ಅಂತ ಅಷ್ಟೆ" ಎಂದರು.

ಅವರು ಹೋದ ಮೇಲೆ ನೋಡಿದರೆ ಅಕ್ಕ ಮಂಚವನ್ನೇ ದಿಟ್ಟಿಸುತ್ತ ನಿಂತಿದ್ದಳು. ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟ ಮಂಚ ಮಾವಿನ ಹಲಗೆ ಎಂದರೆ ಯಾರಿಗೆ ತಾನೆ ಬೇಸರವಾಗುವುದಿಲ್ಲ? ಮಂಚವೂ ಬೇಡ, ಪತ್ರಕ್ಕೆ ಸಹಿಯೂ ಇಲ್ಲ ಎಂದುಬಿಟ್ಟರೆ? ಅವಳು ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು, "ಎಷ್ಟ್ ಕೊಟ್ಟೆ?"

"ಏನು ಎಷ್ಟು?"

"ಆವಯ್ಯಂಗೆ, ಮಾವು ಅಂತ ಬರಿಯಾಕೆ. ನನ್ ತಾವ ಯಾಕ್ಲಾ ಮುಚ್ಚಿಡ್ತೀಯ? ಮೊದ್ಲೇ ಒಂದ್ ಮಾತು ಏಳಿದ್ರೆ ನಾನು ಉಲ್ಲಿನ್ ಗಾಡಿ ಸುದ್ದೀನೇ ಎತ್ತುತಿರ್ನಿಲ್ಲ."

"ಅಯ್ಯೋ ಅಕ್ಕ, ನಿಜವಾಗ್ಲೂ ಮಾವೇ ಕಣಕ್ಕ. ನನ್ನಾಣೆ."

"ಊಂ, ಮಾವೇ. ಯಾರ್ ಕೇಳುದ್ರೂ ನಾನೂ ಅಂಗೇ ಏಳ್ತೀನಿ ಬುಡು." ಬೆನ್ನು ತಟ್ಟಿದಳು. "ನಿನ್ನ ಪೆದ್ದ ಅನ್ಕಂಡಿದ್ದೆ ಕಣ್ಲಾ."

ಪತ್ರವನ್ನು ಪೂರ್ತಿ ಓದಿಸಿಕೊಳ್ಳದೆಯೇ ಸಹಿ ಹಾಕಿದಳು. ಮಂಚ ಗೂಡ್ಸ್ ಆಟೋದಲ್ಲಿ ಉಡಿಗಾಲ ಸೇರಿತು. ಮಾರನೆಯ ದಿನ ಫೋನ್ ಮಾಡಿ ನಿದ್ದೆ ಬಂತೇ ಎಂದು ಕೇಳಿದರೆ, "ಮದ್ಯಾನ ವಸಿ ಬೆನ್ನಿಕ್ಕನ ಅಂತ ಮಲಗ್ದೆ ಕಣ್ಲಾ, ಎದ್ದಾಗ ದೀಪ ಅಚ್ಚೋ ಹೊತ್ತಾಗೋಗಿತ್ತು" ಎಂದಳು. ಆ ದನಿ ಕೇಳಿ ನನ್ನ ಮನಸ್ಸು ತುಂಬಿ ಬಂತು. ಹಲಸಾದರೇನು, ಮಾವಾದರೇನು, ಆ ಮಂಚ ಇಷ್ಟು ವರ್ಷದ ಮೇಲೆ ಸರಿಯಾದ ಜಾಗ ಸೇರಿದೆ ಎನಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ಅಕ್ಕ ಗುಟ್ಟು ಎಂದುಕೊಂಡದ್ದನ್ನು ಉಡಿಗಾಲದ ಒಬ್ಬೊಬ್ಬರಿಗೂ ಗುಟ್ಟಾಗಿಯೇ ಹೇಳಿದ್ದಾಳೆ. ಈಗ ಆ ಊರಿಗೆ ಹೋದರೆ ಜಗಲಿಯ ಮೇಲೆ ಕೂತವರು ಎದ್ದು ಜಾಗ ಕೊಡುತ್ತಾರೆ. ಮೊನ್ನೆ ಅಕ್ಕನ ಪಕ್ಕದ ಮನೆಯವರು ಫೋನ್ ಮಾಡಿದ್ದರು. "ಅಣ್ಣೋ, ನಾವೂ ಬಾಗ ಮಾಡ್ಕತಾ ಇದ್ದೀವಿ. ನಮ್ಮನೇಲೂ ಬೀಟೆ ಬೀರು ಒಂದದೆ. ನಿಮ್ ಆ ಮೈಸೂರ್ ವಯ್ಯಂಗೆ ಒಂದ್ ಮಾತು ಏಳಿ, ಬೇವು ಗೀವು ಅಂತ ಬರುಸ್ಕೊಡಿ" ಎಂದರು. ನಾನು ಯಾರಿಗೂ ಏನೂ ಕೊಟ್ಟಿಲ್ಲ, ಆ ಮನುಷ್ಯ ದೇವರಂಥವನು, ನಮ್ಮದು ನಿಜವಾಗಿಯೂ ಮಾವಿನ ಮಂಚ, ನಿಮ್ಮದೂ ಬಹುಶಃ ಬೇವೇ ಇರಬೇಕು ಎಂದು ಹೇಳಲು ಬಾಯಿ ತೆರೆದೆ. ಮಾತು ಸಿದ್ಧವಾಗಿಯೇ ಇತ್ತು. ಆ ಕಡೆಯಿಂದ ಇನ್ನೊಂದು ಸಲ ಬಹಳ ವಿನಯದಿಂದ "ಅಣ್ಣೋ" ಎಂದರು. ಕಾಲ ಮೇಲೆ ಕಾಲು ಹಾಕಿಕೊಂಡು ನಾನು ಹೇಳಿದೆ, "ನೋಡೋಣ. ಆದರೆ ಆ ಮನುಷ್ಯ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ."