ಅಟ್ಟದ ಕಾಯಿಗಳೂ ನನ್ನ ಏಕಗಾಯನವೂ

ದೇವರು ನನಗೆ ಕೊಟ್ಟ ಕಂಠದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅನುಮಾನವೆಲ್ಲ ಕೇಳುವವರಿಗೆ! ತಿಪಟೂರಿನ ನಮ್ಮ ಚಿಕ್ಕ ಚರ್ಚಿನಲ್ಲಿ ಹಾಡುವವರ ಗುಂಪು ನಿಂತರೆ ನನಗೆ ಯಾವಾಗಲೂ ಕೊನೆಯ ಸಾಲು, ಅದರಲ್ಲೂ ಕಿಟಕಿಯ ಪಕ್ಕ. ಅರ್ಧ ಧ್ವನಿ ಹೊರಗೆ ಹೋಗಲಿ ಎಂದಿರಬೇಕು. ಜೀವನದಲ್ಲಿ ಒಂದೇ ಒಂದು ಸಲ ಒಬ್ಬನೇ ನಿಂತು ಹಾಡಬೇಕು, ಎಲ್ಲರೂ ಕೇಳಬೇಕು ಎಂಬುದು ನನ್ನ ಆಸೆಯಾಗಿತ್ತು.

ಎಪ್ಪತ್ತರ ದಶಕದ ಒಂದು ಸುಗ್ಗಿ ಆರಾಧನೆಯಲ್ಲಿ ಆ ಭಾಗ್ಯ ಒದಗಿತು. ಅವತ್ತು ಎಲ್ಲರೂ ತಮ್ಮ ಬೆಳೆಯಲ್ಲಿ ಒಂದಿಷ್ಟು ತಂದು ದೇವರ ಮುಂದಿಡುವುದು ಪದ್ಧತಿ. ಆ ವರ್ಷ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದಿತ್ತು. ಅದನ್ನು ನುಡಿಸುತ್ತಾ ಹಾಡುತ್ತಿದ್ದಾಕೆ ಹೆರಿಗೆಗೆ ತವರಿಗೆ ಹೋಗಿದ್ದಳು. ಬೇರೆ ದಾರಿ ಕಾಣದೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನನ್ನನ್ನು ಕರೆಸಿದರು.

"ಸೃಷ್ಟಿಯೆಲ್ಲಾ ದೇವರನ್ನ ಕೊಂಡಾಡುತ್ತೆ ಅಂತ ಪ್ರಸಂಗ ಮಾಡ್ತೀನಿ ಕಣಪ್ಪ ಯೋಹಾನ. ಆಮೇಲೆ ನೀನೊಂದು ಸ್ತುತಿಗೀತೆ ಹಾಡು. ಚಿಕ್ಕದು."

ಆ 'ಚಿಕ್ಕದು' ನನ್ನ ಕಿವಿಗೆ ಬೀಳಲೇ ಇಲ್ಲ.

ಹಾರ್ಮೋನಿಯಂ ಇಲ್ಲದಿದ್ದರೆ ತಾಳವಾದರೂ ಬೇಡವೇ? ನಮ್ಮ ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿಗಳಿದ್ದವು. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟರೆ ಅಲ್ಲಾಡಿಸಿದಾಗ ಲೊಡಲೊಡ ಎನ್ನುತ್ತದೆ. ಸೃಷ್ಟಿ ಸ್ತುತಿಸುವುದಾದರೆ ನಮ್ಮ ಸೀಮೆಯಲ್ಲಿ ತೆಂಗಿಗಿಂತ ಮೊದಲು ಬಾಯಿ ತೆರೆಯಬೇಕಾದವರು ಯಾರು? ಸಿಪ್ಪೆ ಸುಲಿದು ಒಂದು ಚೀಲ ತುಂಬಿದೆ.

ಹೆಂಡತಿ ಮಾರ್ಥಾ ಬಾಗಿಲಲ್ಲೇ ತಡೆದಳು. "ರೀ, ಕಾಯಿನ ಅವರ ಕೈಗೆ ಕೊಡಬ್ಯಾಡ್ರಿ. ನಮ್ಮ ಜನ ಎಂಥೋರು ಅಂತ ಗೊತ್ತಿಲ್ವಾ?"

"ಗೊತ್ತಿದ್ದೇ ಕೊಡ್ತಿರೋದು ಕಣೇ. ಸುಮ್ಕಿರು ನೀನು."

ಭಾನುವಾರ ಪ್ರಸಂಗ ಮುಗಿಯಿತು. ತಲೆಗೊಂದು ಕಾಯಿ ಹಂಚಿ, ತಾಳ ಹೇಳಿಕೊಟ್ಟು, ಕಣ್ಣು ಮುಚ್ಚಿ ಹಾಡತೊಡಗಿದೆ. ಮೊದಲ ಸಾಲಿಗೆ ಇಡೀ ಚರ್ಚು ಲೊಡಲೊಡ ಎಂದಿತು. ಆಹಾ! ನನ್ನ ಕಣ್ಣಲ್ಲಿ ನೀರು ಬಂತು.

ಎರಡನೆಯ ಸಾಲಿಗೆ ತಾಳ ತಪ್ಪಿತು. ಕಣ್ಣು ಬಿಟ್ಟು ನೋಡಿದರೆ ಎಲ್ಲರ ಕಾಯಿಯೂ ಕಿವಿಯ ಬಳಿ! ನಮ್ಮ ಕಡೆಯವರ ಕೈಗೆ ಕಾಯಿ ಕೊಟ್ಟರೆ ಅದು ತಾನಾಗಿಯೇ ಕಿವಿಗೆ ಹೋಗುತ್ತದೆ, ಕೊಬ್ಬರಿ ಆಗಿದೆಯೋ ಇಲ್ಲವೋ ನೋಡಲು. ಮುಂದಿನ ಬೆಂಚಿನಲ್ಲಿ ಕೊಬ್ಬರಿ ವ್ಯಾಪಾರಿ ದಾನಿಯೇಲಪ್ಪ ಪಕ್ಕದವನಿಗೆ ಹೇಳುತ್ತಿದ್ದ.

"ಇದು ಇನ್ನೂ ಹಸಿ ಕಣ್ಲಾ. ಈಗ್ಲೇ ಇಳಿಸವ್ನೆ!"

"ನಂದು ಆಗೈತೆ ನೋಡು."

"ಎಲ್ಲಿ, ಕೊಡಿಲ್ಲಿ!"

ಕಾಯಿಗಳು ಬೆಂಚಿನಿಂದ ಬೆಂಚಿಗೆ ಓಡಾಡಿದವು. ನಾನು ಧ್ವನಿ ಏರಿಸಿದೆ. ನನ್ನ ಗಲಾಟೆಯಲ್ಲಿ ಕಾಯಿಯ ಸದ್ದು ಕೇಳಿಸದೆ ಅವರು ಇನ್ನೂ ಜೋರಾಗಿ ಅಲ್ಲಾಡಿಸಿದರು! ಗಂಟಲು ಹರಿಯುವಂತೆ ಕೊನೆಯ ಚರಣ ಮುಗಿಸಿದೆ. ಮುಗಿದದ್ದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಅಯ್ಯನವರೇ ಎದ್ದು, "ಮೌನವಾಗಿ ಪ್ರಾರ್ಥಿಸೋಣ" ಎಂದರು. ಕಾಯಿಗಳನ್ನು ಕಾಲ ಬಳಿ ಇಟ್ಟು ಎಲ್ಲರೂ ತಲೆ ತಗ್ಗಿಸಿದರು. ನಮ್ಮ ಚರ್ಚಿನ ಹಳೆಯ ನೆಲ ಪೀಠದ ಕಡೆಗೆ ಸ್ವಲ್ಪ ಇಳಿಜಾರು. ಆ ಮೌನದಲ್ಲಿ ಒಂದು ಕಾಯಿ ಹೊರಟಿತು. ಲೊಡ... ಲೊಡ... ಲೊಡಲೊಡ... ನಿಧಾನವಾಗಿ ನಡುದಾರಿಯುದ್ದಕ್ಕೂ ಉರುಳಿ ಅಯ್ಯನವರ ಕಾಲಿಗೆ ತಗುಲಿ ನಿಂತಿತು.

ಅವರು ಕಣ್ಣು ಮುಚ್ಚಿಕೊಂಡೇ ಬಗ್ಗಿ ಅದನ್ನು ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇದು ಆಗೈತೆ" ಎಂದರು.

ಕಣ್ಣು ತೆರೆದು ನೋಡುತ್ತಿದ್ದ ಪಾಪಿ ನಾನೊಬ್ಬನೇ ಎಂದುಕೊಂಡಿದ್ದೆ. ನಗು ಎದ್ದ ಮೇಲೆ ತಿಳಿಯಿತು, ಎಲ್ಲರೂ ತೆರೆದಿದ್ದರು! ಅಯ್ಯನವರೂ ನಕ್ಕರು, ಮಾರ್ಥಾ ಸೆರಗು ಬಾಯಿಗಿಟ್ಟುಕೊಂಡಳು, ನಾನೂ ತಡೆಯಲಾರದೆ ನಕ್ಕೆ. ಅಷ್ಟು ಸಂತೋಷದ ಆರಾಧನೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊರಡುವಾಗ ಅಯ್ಯನವರು ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಯೋಹಾನ, ಇವತ್ತು ಸೃಷ್ಟಿ ನಿಜವಾಗಲೂ ಸ್ತುತಿಸಿತು ಕಣಪ್ಪ. ಬರೋ ವರ್ಷನೂ ಕಾಯಿ ತಂದುಬುಡು."

ನನ್ನ ಎದೆ ಉಬ್ಬಿತು. "ಹಾಡು ಹೇಗಿತ್ತು ಅಯ್ಯನವರೇ?"

ಅವರು ನನ್ನ ಮುಖವನ್ನೇ ನೋಡಿದರು.

"ಹಾಡಿದ್ಯಾ?"

ಮರುವರ್ಷ ನನ್ನ ಕಾಯಿಗಳಿಗೆ ಪೀಠದ ಮುಂದೆಯೇ ಜಾಗ ಸಿಕ್ಕಿತು. ನನಗೆ ಅದೇ ಕಿಟಕಿ.